ಹಂಗೇರಿಯ ಹುಡುಗಿ ಸೂಪು ಕುಡಿಯಲಿಲ್ಲ

ಮೊನ್ನೆ ಒಮಾನಿನ ಬೌಷರ್‌ನ ಒಂದು ಮಾಲಿನಲ್ಲಿ ಮಗಳು ತರಕಾರಿ ಆರಿಸುತ್ತಿದ್ದಳು. ನಾನು, ಕೆಲಸವಿಲ್ಲದ ಮುದುಕರು ಮಾಡುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು ಮಸಾಲೆಯ ಸಾಲಿನಲ್ಲಿ ಸುತ್ತುತ್ತಿದ್ದೆ. ಒಂದು ಕಡೆ ಕೆಂಪು ಪುಡಿಯ ಸಣ್ಣ ಡಬ್ಬಗಳನ್ನು ಜೋಡಿಸಿಟ್ಟಿದ್ದರು. ಗಿರಾಕಿಗಳು ಮೂಸಿ ನೋಡಲೆಂದು ಒಂದರ ಮುಚ್ಚಳ ತೆಗೆದಿತ್ತು. ನಾನೂ ಮೂಸಿದೆ. ನಮ್ಮ ಬ್ಯಾಡಗಿ ಮೆಣಸಿನ ಸೋಮಾರಿ ತಮ್ಮನಂತಿತ್ತು ಅದು: ಬಣ್ಣ ಧಾರಾಳ, ಖಾರ ಅಷ್ಟಕ್ಕಷ್ಟೆ. ಡಬ್ಬ ತಿರುಗಿಸಿ ನೋಡಿದರೆ ಹಂಗೇರಿಯದ್ದು. ಅಲ್ಲೇ ನಿಂತು ಒಬ್ಬನೇ ನಗತೊಡಗಿದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ತಳ್ಳುಗಾಡಿಯನ್ನು ಸ್ವಲ್ಪ ದೂರಕ್ಕೆ ಒಯ್ದಳು.

ಹಂಗೇರಿ ಯಾವ ದಿಕ್ಕಿಗಿದೆ ಎಂದು ಕೇಳಿದರೆ ನಾನು ಇಂದಿಗೂ ತಡವರಿಸುತ್ತೇನೆ. ಆದರೆ ಆ ದೇಶದ ಒಂದು ಹೆಣ್ಣು ಮಗುವಿನ ಪರಿಚಯ ನನಗೆ ಚೆನ್ನಾಗಿಯೇ ಇದೆ. ಅವಳು ಮತ್ರಾದ ನಮ್ಮ ಬಾಡಿಗೆ ಮನೆಗೆ ಒಂದು ಶುಕ್ರವಾರ ಮಧ್ಯಾಹ್ನ ಬಂದವಳು, ವೀಡಿಯೋ ಕ್ಯಾಸೆಟ್ಟಿನೊಳಗೆ ಕುಳಿತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮತ್ರಾದ ಸೂಕಿನ, ಅಂದರೆ ಹಳೇ ಪೇಟೆಯ, ಹಿಂದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಯಲ್ಲಿ ನಮ್ಮ ಮನೆ. ಕೆಳಗೆ ಮನೆಯೊಡೆಯ ಖಮೀಸ್ ಚಾಚಾ. ಬಂದರಿನ ಕಸ್ಟಮ್ಸ್‌ನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೇಲಿನ ಎರಡು ಪಾಲುಗಳಲ್ಲಿ ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಂಗಳೂರಿನ ಲಿಲ್ಲಿಬಾಯಿ ಮತ್ತು ಅವರ ಗಂಡ. ಲಿಲ್ಲಿಬಾಯಿ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನನಗೆ ಜ್ವರವಿದ್ದರೂ ಇಳಿದುಬಿಡುತ್ತಿತ್ತು. ಮನೆಯೊಳಗೆ ನಮ್ಮದು ತುಳು, ಅವರದು ಕೊಂಕಣಿ, ಸೇರಿದಾಗ ಕನ್ನಡ.

ನಾನು ಕೃಷಿ ಪಂಪು ಮಾರುವ ಒಂದು ಕಂಪನಿಯಲ್ಲಿದ್ದೆ. ಇಲ್ಲಿಂದ ಎರಡು ಗಂಟೆ ದಾರಿಯ ಸುವೈಕ್‌ನಲ್ಲಿ ಹೊಸ ಶಾಖೆ ತೆರೆಯುತ್ತೇವೆ, ನೀನೇ ಅದರ ಮುಖ್ಯಸ್ಥ ಎಂದು ನಮ್ಮ ಒಡೆಯರು ಹೇಳಿದಾಗ ನನ್ನ ಎದೆ ಎರಡಂಗುಲ ಉಬ್ಬಿತು. ಮುಖ್ಯಸ್ಥ! ನನ್ನ ಕೈಕೆಳಗೆ ಇರುವುದು ಒಬ್ಬ ಮೆಕ್ಯಾನಿಕ್, ಒಬ್ಬ ಡ್ರೈವರ್ ಮಾತ್ರ ಎಂಬುದು ಆಮೇಲೆ ತಿಳಿಯಿತು. ತೊಂದರೆ ಒಂದೇ. ಸುವೈಕ್‌ನಲ್ಲಿ ಆಗ ನಮ್ಮ ಮಕ್ಕಳಿಗೆ ಆಗುವಂಥ ಶಾಲೆ ಇರಲಿಲ್ಲ. ನಮ್ಮ ಒಬ್ಬಳೇ ಮಗಳು ಶೈಲಾಳಿಗೆ ಹನ್ನೆರಡು ವರ್ಷ. ನಾನು ಒಂದು ವಾರ ಯೋಚಿಸಿದೆ, ಅಂದರೆ ಯೋಚಿಸುವವನ ಹಾಗೆ ಮುಖ ಮಾಡಿಕೊಂಡು ಓಡಾಡಿದೆ. ಆಮೇಲೆ ಮಂಗಳೂರಿನ ಹತ್ತಿರದ ಒಂದು ಬೋರ್ಡಿಂಗ್ ಶಾಲೆಗೆ ಅರ್ಜಿ ಹಾಕಿದೆ. ಸೀಟು ಸಿಕ್ಕಿತು. ಜೂನ್‌ನಲ್ಲಿ ಸೇರಬೇಕು.

ಶೈಲಾ "ಓಕೆ ಪಪ್ಪಾ" ಎಂದಳು. ಮಗಳು ಎಷ್ಟು ಜಾಣೆ, ಎಷ್ಟು ಬೇಗ ಒಪ್ಪಿದಳು ಎಂದು ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ. ಹನ್ನೆರಡು ವರ್ಷದ ಹುಡುಗಿಯರ "ಓಕೆ"ಗೆ ಎಷ್ಟು ಅರ್ಥಗಳಿವೆ ಎಂಬುದನ್ನು ಯಾವ ನಿಘಂಟೂ ನನಗೆ ಹೇಳಿರಲಿಲ್ಲ.

ಹೆಂಡತಿ ವಸಂತಿ ಸೂಜಿ ನೂಲು ಹಿಡಿದಳು. ಶಾಲೆಯವರು ಕಳಿಸಿದ ಪಟ್ಟಿಯಲ್ಲಿ, ಪ್ರತಿ ಬಟ್ಟೆಯ ಮೇಲೂ ವಿದ್ಯಾರ್ಥಿನಿಯ ನಂಬರು ಹೊಲಿದಿರಬೇಕು ಎಂದಿತ್ತು. ಶೈಲಾಳ ನಂಬರು ನಲವತ್ತೇಳು. ವಸಂತಿ ಸಂಜೆ ಹೊತ್ತು ಕಿಟಕಿಯ ಬಳಿ ಕುಳಿತು ಕೆಂಪು ನೂಲಿನಲ್ಲಿ ನಲವತ್ತೇಳು, ನಲವತ್ತೇಳು ಎಂದು ಹೊಲಿಯುತ್ತ ಹೋದಳು. ಪೆಟಿಕೋಟು, ಕರ್ಚೀಫು, ಟವೆಲು. ಒಂದು ದಿನ ನೋಡುತ್ತೇನೆ, ದಿಂಬಿನ ಚೀಲದ ಮೇಲೆ ನಂಬರು ಹೊಲಿದು ಮುಗಿಸಿ, ಅದನ್ನೇ ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಾಳೆ.

"ಎಂತ, ಸರಿಯಾಗಲಿಲ್ವಾ?" ಎಂದೆ.

"ಸರಿಯೇ ಆಗಿತ್ತು," ಎಂದಳು.

ಲಿಲ್ಲಿಬಾಯಿ ಮಾತ್ರ ನನ್ನ ಪಕ್ಷ. "ನಾನು ಬೋರ್ಡಿಂಗಲ್ಲೇ ಕಲಿತದ್ದು ಮಾರಾಯ್ರೆ, ಏಳು ವರ್ಷ! ನನಗೆ ಎಂತ ಆಯ್ತು?" ಎಂದು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ನಾವು ಮೂವರೂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದೆವು.

ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಉಪಾಯಗಳ ಚರಿತ್ರೆ ಅಷ್ಟೇನೂ ಚೆನ್ನಾಗಿಲ್ಲ. ಆದರೂ ಹೊಳೆದಾಗ ಪ್ರತಿ ಸಲವೂ ನನಗೆ ಹೊಸ ಹುರುಪು. ನಮ್ಮಲ್ಲಿ ಹೊಸದಾಗಿ ಕೊಂಡ ವಿಸಿಆರ್ ಇತ್ತು. ಹಾಸ್ಟೆಲಿನಲ್ಲಿ ಹುಡುಗಿಯರು ಆಡಿ ಹಾಡಿ ಕುಣಿಯುವ ಒಂದು ಸಿನಿಮಾ ತಂದು ತೋರಿಸಿದರೆ ಶೈಲಾ ಖುಷಿಯಿಂದ ಹೊರಡುವಳಲ್ಲವೇ? ಮತ್ರಾದ ವೀಡಿಯೋ ಅಂಗಡಿಗೆ ಹೋದೆ. ಅಂಗಡಿಯಾತ ಮಲಯಾಳಿ. "ಬೋರ್ಡಿಂಗ್ ಸ್ಕೂಲ್ ಇರುವ ಪಿಕ್ಚರ್ ಬೇಕು. ಆದರೆ ಅಳು ಇರಬಾರದು" ಎಂದು ಹಿಂದಿಯಲ್ಲಿ ಹೇಳಿದೆ. ಆತ ಒಳಗೆ ಹೋಗಿ ಹುಡುಕಿ, ಧೂಳು ಒರೆಸಿ ಒಂದು ಕ್ಯಾಸೆಟ್ ಕೊಟ್ಟ. "ಫುಲ್ ಬೋರ್ಡಿಂಗ್ ಸಾಬ್! ಶುರುವಿನಿಂದ ಕೊನೆಯವರೆಗೆ ಬೋರ್ಡಿಂಗೇ!" ಎಂದ. ಯಾವ ಭಾಷೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶುಕ್ರವಾರ ಊಟ ಮುಗಿಸಿ, ಲಿಲ್ಲಿಬಾಯಿಯನ್ನೂ ಕರೆದು ಕೂರಿಸಿ ಕ್ಯಾಸೆಟ್ ಹಾಕಿದೆ. ಹಿಮ. ರೈಲು. ಸ್ಕಾರ್ಫು ಕಟ್ಟಿದ ಒಬ್ಬಳು ಹುಡುಗಿ. ಯಾರೋ ಏನೋ ಅಂದರು. ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಇಂಗ್ಲಿಷಲ್ಲ, ಹಿಂದಿಯಲ್ಲ, ಯಾವುದೂ ಅಲ್ಲ. ಪರದೆಯ ಅಡಿಯಲ್ಲಿ ಅರಬ್ಬಿ ಅಕ್ಷರಗಳು ಸಾಲಾಗಿ ಬಂದು ಹೋಗುತ್ತಿದ್ದವು.

"ಪಪ್ಪಾ, ವಾಟ್ ಈಸ್ ದಿಸ್?" ಎಂದಳು ಶೈಲಾ.

ಲಿಲ್ಲಿಬಾಯಿಗೆ ಅರಬ್ಬಿಯಲ್ಲಿ "ಎಲ್ಲಿ ನೋವು", "ಉಸಿರು ಎಳೆಯಿರಿ" ಇಷ್ಟೇ ಗೊತ್ತು. ನನಗೆ ಖಲಾಸ್, ಹೊರಡು ಎನ್ನಲು ಯಲ್ಲಾ, ಇನ್ನೊಂದಷ್ಟು. ನಾನು ಮೆಟ್ಟಿಲಿಳಿದು ಹೋಗಿ ಖಮೀಸ್ ಚಾಚಾರನ್ನು ಕರೆದುಕೊಂಡು ಬಂದೆ. ಅವರಿಗೆ ಹಿಂದಿ ನಮಗಿಂತ ಚೆನ್ನಾಗಿ ಬರುತ್ತಿತ್ತು, ಮುಂಬಯಿಯ ಹಿಂದಿ. ಎಲ್ಲಿ ಕಲಿತಿರಿ ಎಂದು ನಾವು ಯಾರೂ ಕೇಳಿರಲಿಲ್ಲ. ಮತ್ರಾದಲ್ಲಿ ಹಿಂದಿ ಬಲ್ಲ ಒಮಾನಿಗಳು ಬೇಕಾದಷ್ಟು. ಅವರು ಬಂದು, ಕನ್ನಡಕ ಒರೆಸಿ, ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದು ಕುಳಿತು, ಮೊದಲ ಸಾಲು ಓದಿ, "ಇದು ಹಂಗೇರಿ" ಎಂದು ಘೋಷಿಸಿದರು.

ಏರ್ಪಾಡು ಹೀಗಾಯಿತು. ಚಾಚಾ ಅರಬ್ಬಿ ಓದಿ ಹಿಂದಿಯಲ್ಲಿ ಹೇಳುವುದು. ವಸಂತಿಗೂ ಲಿಲ್ಲಿಬಾಯಿಗೂ ಹಿಂದಿ ಸರಿಯಾಗಿ ಬಾರದ್ದರಿಂದ ನಾನು ಅದನ್ನು ಕನ್ನಡದಲ್ಲಿ ಹೇಳುವುದು. ಇಂಥ ಅಧಿಕಾರ ಸಿಕ್ಕ ಮೇಲೆ ನಾನು ಸುಮ್ಮನಿರುತ್ತೇನೆಯೇ? ಆ ಹುಡುಗಿ, ಇಲೋನಾ ಎಂದು ಅವಳ ಹೆಸರು, ದೋಣಿ ನಡೆಸುವವನ ಮಗಳು. ಊರಿನಿಂದ ದೂರದ ಪಟ್ಟಣದ ಬೋರ್ಡಿಂಗ್ ಶಾಲೆಗೆ ಬಂದಿದ್ದಾಳೆ. ದೊಡ್ಡ ಕಲ್ಲಿನ ಕಟ್ಟಡ, ಸಾಲಾಗಿ ಮೂವತ್ತು ಕಬ್ಬಿಣದ ಮಂಚ. ಅವಳು ಪಕ್ಕದ ಹುಡುಗಿಗೆ ಏನೋ ಹೇಳಿದಳು. "ಇಲ್ಲಿ ಗೋಡೆಗಳೂ ತಣ್ಣಗಿವೆ ಅಂತಿದ್ದಾಳೆ" ಎಂದರು ಚಾಚಾ.

"ಇಲ್ಲಿ ತಂಪಾಗಿ ಉಂಟು ಅಂತಿದ್ದಾಳೆ," ಎಂದೆ ನಾನು.

"ಪಪ್ಪಾ! ಹಿ ಡಿಡಂಟ್ ಸೇ ದಟ್!"

ಶಾಲೆಯಲ್ಲಿ ಶೈಲಾಳಿಗೆ ಹಿಂದಿಯಲ್ಲಿ ಪ್ರತಿ ವರ್ಷವೂ ಒಳ್ಳೆಯ ಅಂಕ ಬರುತ್ತದೆಂಬುದನ್ನು ಮರೆತುಬಿಟ್ಟಿದ್ದೆ. ಅಲ್ಲಿಗೆ ನನ್ನ ಕೆಲಸ ಹೋಯಿತು. ಮುಂದಿನ ಕನ್ನಡವೆಲ್ಲ ಅವಳದೇ. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ಅಂದು ಎರಡು ಗಂಟೆ ನಿಲ್ಲಿಸದೆ ಕನ್ನಡ ಮಾತಾಡಿದಳು. ವಸಂತಿ ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದಳು.

ಆ ಶಾಲೆಯಲ್ಲಿ ದಿನವೂ ಮಧ್ಯಾಹ್ನ ನೀರಿನಂಥ ಬಿಳೀ ಸೂಪು. ಇಲೋನಾ ಕುಡಿಯುವುದಿಲ್ಲ. ಬಟ್ಟಲು ಖಾಲಿಯಾಗದೆ ಏಳುವಂತಿಲ್ಲ ಎಂದು ವಾರ್ಡನ್ ಹೇಳುತ್ತಾಳೆ. ಹುಡುಗಿ ಸಂಜೆಯವರೆಗೂ ಬಟ್ಟಲಿನ ಎದುರು ಕುಳಿತಿರುತ್ತಾಳೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಇನ್ನೊಬ್ಬಳು ಚಮಚ ಕೆಳಗಿಟ್ಟು ಅವಳ ಜೊತೆ ಕುಳಿತಳು. ಆಮೇಲೆ ನಾಲ್ವರು. ಆಮೇಲೆ ಮೇಜಿಗೆ ಮೇಜೇ.

"ಮಕ್ಕಳಿಗೆ ಅಷ್ಟು ಹಟ ಒಳ್ಳೇದಲ್ಲ. ಆ ವಾರ್ಡನ್ ಹೇಳುದು ಸರಿ ಉಂಟು," ಎಂದರು ಲಿಲ್ಲಿಬಾಯಿ. ಐದು ನಿಮಿಷ ಕಳೆದಿರಬೇಕು. ಯಾರೂ ಏನೂ ಕೇಳದೆಯೇ, ಟೀವಿಯ ಕಡೆ ನೋಡುತ್ತಲೇ ಹೇಳಿದರು: "ನಮಗೆ ಬೆಳಿಗ್ಗೆ ಗಂಜಿ ಕೊಡ್ತಿದ್ರು. ಅದರಲ್ಲಿ ಹುಳ ಇರ್ತಿತ್ತು. ನಾನು ಕನಕಾಂಬರದ ಗಿಡದ ಬುಡಕ್ಕೆ ಚೆಲ್ತಿದ್ದೆ. ಏಳು ವರ್ಷ. ಆ ಗಿಡ ಎಂಥಾ ಹೂ ಬಿಡ್ತಿತ್ತು ಗೊತ್ತುಂಟಾ!"

ನಾವು ನಕ್ಕ ನಗೆಗೆ ಚಾಚಾ ಸಿನಿಮಾ ನಿಲ್ಲಿಸಲು ಹೇಳಿದರು. ಏನಾಯಿತೆಂದು ಶೈಲಾ ಅವರಿಗೆ ಹಿಂದಿಯಲ್ಲಿ ತಿಳಿಸಿದಳು. ಅವರೂ ನಕ್ಕರು. ಆಮೇಲೆ ತಮ್ಮ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಒಂದು ಸಂಗತಿ ಹೇಳಿದರು. ಅವರ ಹಿಂದಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ನಾನು ಚಿಕ್ಕವನಿದ್ದಾಗ ಇಲ್ಲಿ ಶಾಲೆ ಎಲ್ಲಿತ್ತು? ಒಂಬತ್ತು ವರ್ಷಕ್ಕೆ ಅಪ್ಪ ನನ್ನನ್ನು ಹಡಗು ಹತ್ತಿಸಿ ಮುಂಬಯಿಗೆ ಕಳಿಸಿದ. ಅಲ್ಲಿ ಹಾಸ್ಟೆಲು. ಚೆನ್ನಾಗಿಯೇ ಇತ್ತು. ಫುಟ್‌ಬಾಲ್ ಕಲಿತೆ, ಲೆಕ್ಕ ಕಲಿತೆ. ನಾಲ್ಕು ವರ್ಷ ಆದ ಮೇಲೆ ಮನೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ, ನೀರು ಕೊಡು ಅಂದೆ. ಅವಳು ಸುಮ್ಮನೆ ನೋಡುತ್ತ ನಿಂತಳು. ನಾನು ಹಿಂದಿಯಲ್ಲಿ ಕೇಳಿದ್ದೆ, ನನಗೆ ಗೊತ್ತೇ ಇರಲಿಲ್ಲ. ಪಾಪ, ಅವಳು ಓಡಿಹೋಗಿ ಸೂಕಿನ ಒಬ್ಬ ಬನಿಯಾ ವ್ಯಾಪಾರಿಯನ್ನು ಕರೆತಂದಳು, ನನ್ನ ಮಗ ಏನು ಕೇಳ್ತಿದ್ದಾನೆ ಹೇಳು ಅಂತ."

ಹೇಳಿ ಮುಗಿಸಿ ಅವರೇ ಗಟ್ಟಿಯಾಗಿ ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡು, "ಯಲ್ಲಾ, ಹಾಕು ಸಿನಿಮಾ" ಎಂದರು.

ಶೈಲಾ ಆ ಕಥೆಯನ್ನು ಕನ್ನಡಕ್ಕೆ ತಿರುಗಿಸಿದಾಗ ವಸಂತಿ ಎದ್ದು ಒಳಗೆ ಹೋಗಿ, ಒಂದು ಲೋಟ ನೀರು ತಂದು ಚಾಚಾರ ಕೈಗೆ ಕೊಟ್ಟಳು. ಅವರು ಕೇಳಿರಲಿಲ್ಲ. ಆದರೂ ಪೂರ್ತಿ ಕುಡಿದರು.

ಸಿನಿಮಾ ಮುಂದುವರಿಯಿತು. ಇಡೀ ಶಾಲೆ ಸೂಪು ಬಿಟ್ಟು ಕುಳಿತಾಗ ಅಡುಗೆಯವಳು, ದಪ್ಪ ಕೈಗಳ ಮುದುಕಿ, ಅಡುಗೆಮನೆಯಿಂದ ಹೊರಬಂದು ಇಲೋನಾಳ ಎದುರು ಕುಳಿತು, ನಿನ್ನ ಮನೆಯಲ್ಲಿ ಇದಕ್ಕೆ ಏನು ಹಾಕುತ್ತಾರೆ ಎಂದು ಕೇಳಿದಳು. ಅಷ್ಟು ದಿನದಲ್ಲಿ ಆ ಹುಡುಗಿಯನ್ನು ಏನಾದರೂ ಕೇಳಿದವಳು ಈ ಮುದುಕಿಯೊಬ್ಬಳೇ. ಮರುದಿನ ಬಟ್ಟಲುಗಳಲ್ಲಿ ಮೆಣಸಿನ ಪುಡಿ ಬಿದ್ದ ಕೆಂಪು ಸೂಪು. ಮೂವತ್ತು ಹುಡುಗಿಯರು ಸುರಿದುಕೊಂಡು ಕುಡಿದು, ಮೂತಿಯೆಲ್ಲ ಕೆಂಪು ಮಾಡಿಕೊಂಡು ನಕ್ಕಿದ್ದೇ ನಕ್ಕಿದ್ದು. ನಮ್ಮ ಹಜಾರದಲ್ಲೂ ಚಪ್ಪಾಳೆ. ಇದೇ ಸಮಯವೆಂದು ನಾನು, "ನೋಡಿದೆಯಾ, ಬೋರ್ಡಿಂಗ್ ಅಂದ್ರೆ ಎಷ್ಟು ಮಜಾ!" ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ.

ವಸಂತ ಬಂತು, ಹಿಮ ಕರಗಿತು. ಇಲೋನಾಳ ಅಪ್ಪ ದೋಣಿ ತೆಗೆದುಕೊಂಡು ಬಂದ. ನದಿಯ ದಂಡೆಯಲ್ಲಿ ಮಗಳ ಎದುರು ಕುಕ್ಕರಗಾಲಲ್ಲಿ ಕುಳಿತು, ಅವಳ ಕಣ್ಣಿನ ಎತ್ತರಕ್ಕೆ ತನ್ನ ಮುಖ ತಂದು ಏನೋ ಕೇಳಿದ. ಚಾಚಾ ಮೆಲ್ಲಗೆ ಓದಿದರು: "ಇಲ್ಲೇ ಇರ್ತೀಯಾ? ನನ್ನ ಜೊತೆ ಬರ್ತೀಯಾ? ನೀನೇ ಹೇಳು." ಹುಡುಗಿ ಬಾಯಿ ತೆರೆದಳು.

ಗರ್ ಎಂದು ಪರದೆಯ ತುಂಬ ಗೆರೆಗಳು. ಆಮೇಲೆ ಹಸಿರು ಮೈದಾನ, ಜನರ ಬೊಬ್ಬೆ. ಯಾರೋ ಪುಣ್ಯಾತ್ಮ ಕ್ಯಾಸೆಟ್ಟಿನ ಕೊನೆಯ ಭಾಗದ ಮೇಲೆ ಫುಟ್‌ಬಾಲ್ ಪಂದ್ಯ ರೆಕಾರ್ಡ್ ಮಾಡಿಬಿಟ್ಟಿದ್ದ!

ಲಿಲ್ಲಿಬಾಯಿ ಕೊಂಕಣಿಯಲ್ಲಿ ಏನೋ ಅಂದರು. ನರ್ಸುಗಳು ಆಡಬಾರದ ಮಾತಿರಬೇಕು. ನಾನು ಕ್ಯಾಸೆಟ್ ಹಿಂದೆ ಮುಂದೆ ಓಡಿಸಿದೆ. ಪ್ರತಿ ಸಲವೂ ಹುಡುಗಿ ಬಾಯಿ ತೆರೆಯುವುದು, ಯಾರೋ ಕಾರ್ನರ್ ಕಿಕ್ ಹೊಡೆಯುವುದು. ಚಾಚಾ ಮಾತ್ರ ಕುರ್ಚಿ ಇನ್ನೂ ಮುಂದಕ್ಕೆ ಎಳೆದು ಪಂದ್ಯ ನೋಡತೊಡಗಿದರು.

ಅವಳು ಏನೆಂದಳು ಎಂಬುದರ ಮೇಲೆ ಜಗಳವಾಯಿತು. ಅವಳು ಅಲ್ಲೇ ಉಳಿದು ಓದಿ ಡಾಕ್ಟರಾದಳೆಂದು ಲಿಲ್ಲಿಬಾಯಿ. ಅಪ್ಪನ ಜೊತೆ ಹೋದಳೆಂದು ವಸಂತಿ. ನಾನು ಶೈಲಾಳನ್ನು ಕೇಳಿದೆ, "ನಿನಗೆ ಎಂತ ಅನ್ನಿಸ್ತದೆ?"

ಅವಳು ತನ್ನ ಜಡೆಯ ತುದಿ ನೋಡಿಕೊಳ್ಳುತ್ತ ಹೇಳಿದಳು: "ಅವಳು ಎಂತ ಹೇಳಿದ್ಲೋ ಗೊತ್ತಿಲ್ಲ. ಆದ್ರೆ ಅವಳ ಪಪ್ಪ ಕೇಳಿದ್ರಲ್ಲ."

ಫುಟ್‌ಬಾಲಿನ ಗದ್ದಲ ಇತ್ತು, ಕೆಳಗೆ ಗಲ್ಲಿಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಆದರೂ ನನ್ನ ಕಿವಿಗೆ ಬೇರೇನೂ ಕೇಳಲಿಲ್ಲ. ಅರ್ಜಿ ತುಂಬಿದ್ದು ನಾನು. ಟ್ರಂಕು ಕೊಂಡದ್ದು ನಾನು. ಬಣ್ಣದ ಅಂಗಡಿಯವನಿಂದ ಅದರ ಮೇಲೆ ಅವಳ ಹೆಸರು ಬರೆಸಿದ್ದೂ ನಾನೇ. ಎರಡು ತಿಂಗಳಲ್ಲಿ ಒಂದು ಸಲವೂ ಆ ಪ್ರಶ್ನೆ ನನ್ನ ಬಾಯಿಂದ ಬಂದಿರಲಿಲ್ಲ. ಬಂದಿಲ್ಲವೆಂಬುದೂ ನನಗೆ ಹೊಳೆದಿರಲಿಲ್ಲ.

ಮರುದಿನ ಸಂಜೆ ಅವಳನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದೆ. ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. "ಶೈಲು, ನೀನು ಬೋರ್ಡಿಂಗಿಗೆ ಹೋಗ್ತೀಯಾ? ಇಲ್ಲೇ ಇರ್ತೀಯಾ? ನೀನೇ ಹೇಳು" ಎಂದೆ. ಅವಳು ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ದೋಣಿಗಳನ್ನು ನೋಡಿದಳು. ಮತ್ತೆ ನನ್ನ ಮುಖ ನೋಡಿ, "ಇಲ್ಲೇ ಇರ್ತೇನೆ ಪಪ್ಪಾ" ಎಂದಳು.

ಅಲ್ಲಿಗೆ ಇತ್ಯರ್ಥವಾಯಿತು. ತಾಯಿ ಮಗಳು ಮತ್ರಾದಲ್ಲಿ. ನಾನೊಬ್ಬನೇ ಸುವೈಕ್‌ಗೆ, ವಾರದ ರಜೆ ಶುಕ್ರವಾರವಾದ್ದರಿಂದ ಗುರುವಾರ ಸಂಜೆ ಬಂದು ಶನಿವಾರ ಬೆಳಿಗ್ಗೆ ಹೊರಡುವುದು. ಈ ಸುದ್ದಿ ಕೇಳಿ ಲಿಲ್ಲಿಬಾಯಿ, "ಹಾಗಾದ್ರೆ ಆ ಕೆಂಪು ಸೂಪು ಮಾಡುವ" ಎಂದರು. ಮುಂದಿನ ಶುಕ್ರವಾರ ತಾರಸಿಯ ಮೇಲೆ ದೊಡ್ಡ ಪಾತ್ರೆಯಿಟ್ಟು ಕೋಳಿ ಬೇಯಿಸಿದರು. ಬಣ್ಣಕ್ಕೆ ಬ್ಯಾಡಗಿ ಮೆಣಸಿನ ಪುಡಿ. ರುಚಿ ನೋಡಿದ ವಸಂತಿ, ಸಪ್ಪೆ ಎಂದು ಕೊತ್ತಂಬರಿ, ಜೀರಿಗೆ ಹುರಿದು ಹಾಕಿದಳು. ಚಾಚಾ ಕೆಳಗಿನಿಂದ ಒಣಗಿದ ನಿಂಬೆಕಾಯಿ ತಂದು ಎರಡು ಒಡೆದು ಹಾಕಿದರು. ಕಾಯಿಹಾಲು ಯಾರು ಹೊಯ್ದರೆಂದು ಕೊನೆಗೂ ಪತ್ತೆಯಾಗಲಿಲ್ಲ. ಹಂಗೇರಿಯಿಂದ ಹೊರಟ ಸೂಪು ಹೀಗೆ ನಮ್ಮೂರ ಕಡೆಯ ಬಜ್ಪೆ, ಕಾಪು ದಾಟಿ, ತುಳುವರ ಕೋಳಿಸಾರು ಕೋರಿ ಗಸಿಯಾಗಿ ಬಟ್ಟಲಿಗೆ ಬಿತ್ತು. ಶೈಲಾ ಮೂರು ಬಟ್ಟಲು ಕುಡಿದಳು. ಚಾಚಾರ ಬಿಳೀ ನಿಲುವಂಗಿಯ ಎದೆಯ ಮೇಲೆ ಬಿದ್ದ ಕೆಂಪು ಕಲೆಯನ್ನು ಅವರ ಹೆಂಡತಿ ನಮ್ಮೆಲ್ಲರ ಎದುರೇ ಬೈಯುತ್ತ ತಿಕ್ಕಿದರು.

ಜೂನ್‌ನಲ್ಲಿ ಬೋರ್ಡಿಂಗ್ ಸೇರಿದ್ದು ನಾನು. ನಗಬೇಡಿ, ಹಾಗೆಯೇ ಆಯಿತು. ಸುವೈಕ್‌ನಲ್ಲಿ ಕಂಪನಿಯ ಶೆಡ್ಡಿನ ಪಕ್ಕ ಉದ್ದನೆಯ ಕೋಣೆ, ಅದರಲ್ಲಿ ಆರು ಕಬ್ಬಿಣದ ಮಂಚ. ಪಕ್ಕದ ಕಂಪನಿಯವರೂ ಸೇರಿ ನಾವು ಆರು ಜನ. ಅಡುಗೆಗೆ ಒಬ್ಬ, ಅವನು ವಾರಕ್ಕೆ ಏಳು ದಿನ ಮಾಡುವುದು ಒಂದೇ ಬೇಳೆಸಾರು. ಬಟ್ಟೆ ಒಗೆಯುವವನು ಎಲ್ಲರ ಬನಿಯನ್‌ಗಳನ್ನು ಬೆರೆಸಿಬಿಡುತ್ತಾನೆಂದು ವಸಂತಿ ನನ್ನ ಬಟ್ಟೆಗಳಿಗೆ ಕೆಂಪು ನೂಲಿನಲ್ಲಿ ನಂಬರು ಹೊಲಿದುಕೊಟ್ಟಳು. ನಲವತ್ತೆಂಟು. ಬಯಲು ತೋಟಗಳಲ್ಲಿ ಖರ್ಜೂರದ ಮರಗಳ ನಡುವೆ ಪಂಪು ಕೂರಿಸುತ್ತ ಮೂರು ವರ್ಷ ಕಳೆದೆ. ಆಮೇಲೆ ಮತ್ರಾದ ಆಫೀಸಿಗೆ ವಾಪಸು ಬಂದೆ. ತೊಂಬತ್ತರ ಮೊದಲಿಗೆ ಶೈಲಾ ಕಾಲೇಜಿಗೆಂದು ಮಂಗಳೂರಿಗೆ ಹೊರಟಾಗ ಅರ್ಜಿ ತುಂಬಿದ್ದೂ ಹಾಸ್ಟೆಲು ಹುಡುಕಿದ್ದೂ ಅವಳೇ. ವಿಮಾನ ನಿಲ್ದಾಣದಲ್ಲಿ ಅವಳು ನಗುತ್ತ ಕೈಬೀಸಿ ಒಳಗೆ ಹೋದಳು. ಲಿಲ್ಲಿಬಾಯಿ ತಮ್ಮ ಪರ್ಸಿನಿಂದ ಕರ್ಚೀಫು ತೆಗೆದು ನನಗೆ ಕೊಟ್ಟು, "ಉಸಿರು ಎಳೀರಿ" ಎಂದರು.

ಮೊನ್ನೆ ಮಾಲಿನಿಂದ ಮನೆಗೆ ಬಂದು ಚಹಾ ಕುಡಿಯುತ್ತ ಇದನ್ನೆಲ್ಲ ಶೈಲಾಳಿಗೆ ನೆನಪಿಸಿದೆ. ಅವಳು ಈಗ ಬೌಷರ್‌ನಲ್ಲೇ ಸಂಸಾರ ಹೂಡಿದ್ದಾಳೆ. ಚಳಿಗಾಲ ಕಳೆಯಲು ನಾವಿಬ್ಬರೂ ಊರಿನಿಂದ ಬಂದಿದ್ದೇವೆ. ಕೊನೆಯಲ್ಲಿ ನಾನು ಸ್ವಲ್ಪ ಜಂಬದಿಂದಲೇ, "ಅಂತೂ ಅವತ್ತು ನಿನ್ನನ್ನು ಕೇಳಿದೆ. ಅದೊಂದು ಒಳ್ಳೆ ಕೆಲಸ ಮಾಡಿದೆ" ಎಂದೆ.

ಅವಳು ಲೋಟ ಕೆಳಗಿಟ್ಟಳು. "ಪಪ್ಪಾ, ಒಂದು ಹೇಳ್ಲಾ? ನನಗೆ ಹೋಗ್ಲಿಕ್ಕೆ ಮನಸ್ಸಿತ್ತು."

"ಎಲ್ಲಿಗೆ?"

"ಬೋರ್ಡಿಂಗಿಗೆ. ಸಿನಿಮಾ ನೋಡುವವರೆಗೆ ಹೆದರಿಕೆ ಇತ್ತು. ನೋಡಿದ ಮೇಲೆ ಹೋಗ್ಬೇಕು ಅಂತಲೇ ಅನ್ನಿಸಿತ್ತು. ಮೂವತ್ತು ಹುಡುಗಿಯರು, ಒಟ್ಟಿಗೆ ನಗುದು... ಮನೆಯಲ್ಲಿ ನಾನೊಬ್ಬಳೇ ಅಲ್ವಾ?"

"ಮತ್ತೆ ಇಲ್ಲೇ ಇರ್ತೇನೆ ಅಂದದ್ದು?"

"ನೀವು ಕೇಳುವಾಗ ನಿಮ್ಮ ಮುಖ ನೀವು ನೋಡ್ಬೇಕಿತ್ತು. ತುಟಿಯೆಲ್ಲ ಅದುರ್ತಾ ಇತ್ತು. ಹೋಗ್ತೇನೆ ಅಂದಿದ್ರೆ ನೀವು ಅಲ್ಲೇ ಸಮುದ್ರಕ್ಕೆ ಬೀಳ್ತಿದ್ರಿ."

ಒಳಗಿನಿಂದ ವಸಂತಿಯ ದನಿ ಬಂತು: "ನನಗೆ ಅವತ್ತೇ ಗೊತ್ತಿತ್ತು."

ಇಷ್ಟು ವರ್ಷ ಮಗಳ ಮನಸ್ಸು ಕೇಳಿ ನಡೆದ ಅಪ್ಪ ಎಂಬ ಬಿರುದನ್ನು ನನಗೆ ನಾನೇ ಕೊಟ್ಟುಕೊಂಡು ಓಡಾಡಿದ್ದೆ. ಆ ಕಟ್ಟೆಯ ಮೇಲೆ ಕುಳಿತ ಇಬ್ಬರಲ್ಲಿ ದೊಡ್ಡವಳು ಅವಳೇ. ಕೊನೆಗೆ, "ಬೇಜಾರುಂಟಾ ಶೈಲು? ಈ ಸಲ ನಿಜ ಹೇಳು" ಎಂದೆ.

ಅವಳು ಯೋಚಿಸಿದಳು. ಯೋಚಿಸುವವಳ ಹಾಗೆ ಮುಖ ಮಾಡಲಿಲ್ಲ, ನಿಜವಾಗಿಯೇ ಯೋಚಿಸಿದಳು.

"ಇಲ್ಲ ಪಪ್ಪಾ. ಹೋಗಿದ್ರೆ ಗುರುವಾರ ನೋಡ್ಲಿಕ್ಕೆ ಸಿಗ್ತಿರ್ಲಿಲ್ಲ. ನೀವು ಟ್ಯಾಕ್ಸಿ ಇಳಿದು ಗಲ್ಲಿಯಲ್ಲಿ ಓಡಿಕೊಂಡು ಬರ್ತಿದ್ರಲ್ಲ, ಅದು. ನಾನು ಮೇಲಿನ ಕಿಟಕಿಯಲ್ಲಿ ಕಾಯ್ತಿದ್ದೆ."

"ನಾನು? ಓಡುತ್ತಿದ್ದೆನಾ?"

"ಬ್ಯಾಗು ಎದೆಗೆ ಅಪ್ಪಿಕೊಂಡು. ಎವ್ರಿ ಥರ್ಸ್‌ಡೇ. ಬಾಗಿಲ ಹತ್ತಿರ ಬಂದ ಮೇಲೆ ನಿಂತು, ಉಸಿರು ಸರಿ ಮಾಡಿ, ತಲೆ ಬಾಚಿ, ಆಮೇಲೆ ಮೆಲ್ಲ ಮೆಟ್ಟಿಲು ಹತ್ತಿ ಬರ್ತಿದ್ರಿ. ಮುಖ್ಯಸ್ಥರ ಹಾಗೆ."